ಹಳೆಯ ಲಾರಿಗೆ ಮರುಜೀವ: ಲಾಭವೋ, ಹೊರೆಯೋ?

ಇಂಜಿನ್ ಕೆಳಗಿಳಿಸಿ, ಬಾಡಿ ಬಿಚ್ಚಿ, ಬರಿಯ ಚಾಸಿಸ್ ಮೇಲೆ ನಿಂತ ಲಾರಿ. ಪಕ್ಕದಲ್ಲಿ ವೆಲ್ಡಿಂಗ್ ಕಿಡಿ, ಹೊಸ ಬಣ್ಣದ ವಾಸನೆ, ಬಿಡಿಭಾಗಗಳ ಚೀಟಿ ಹಿಡಿದು ಲೆಕ್ಕ ಹಾಕುತ್ತಿರುವ ಮಾಲೀಕ. ಲಾರಿ ಓಡುವ ಯಾವ ಊರಿನ ಹೊರವಲಯಕ್ಕೆ ಹೋದರೂ ಕಾಣುವ ಈ ನೋಟ ಗೌರಿಬಿದನೂರಿಗೂ ಹೊಸದಲ್ಲ. ಹದಿನೈದು, ಇಪ್ಪತ್ತು ವರ್ಷ ದುಡಿದ ವಾಹನಕ್ಕೆ ಮತ್ತೆ ಲಕ್ಷಾಂತರ ರೂಪಾಯಿ ಸುರಿಯುವುದು ಜಾಣತನವೇ, ಅಥವಾ ಸಾಲ ಮಾಡಿಯಾದರೂ ಹೊಸದನ್ನು ಕೊಳ್ಳುವುದು ಲೇಸೇ ಎಂಬ ಪ್ರಶ್ನೆ ಇಂದು ಒಂದೆರಡು ಲಾರಿ ಇಟ್ಟುಕೊಂಡು ಬದುಕುವ ಸಾವಿರಾರು ಕುಟುಂಬಗಳನ್ನು ಕಾಡುತ್ತಿದೆ.

ಸರ್ಕಾರದ ಒಲವು ಯಾವ ಕಡೆಗೆ ಎಂಬುದರಲ್ಲಿ ಸಂಶಯವಿಲ್ಲ. 2021ರ ಆಗಸ್ಟ್ 13ರಂದು ಕೇಂದ್ರವು ವಾಹನ ಗುಜರಿ ನೀತಿಗೆ ಚಾಲನೆ ನೀಡಿತು. ಹಳೆಯ ವಾಹನವನ್ನು ಮಾನ್ಯತೆ ಪಡೆದ ಕೇಂದ್ರಕ್ಕೆ ಒಪ್ಪಿಸಿದವರಿಗೆ ಹೊಸ ವಾಣಿಜ್ಯ ವಾಹನದ ರಸ್ತೆ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿ ನೀಡಲು ಅದರಲ್ಲಿ ಅವಕಾಶವಿದೆ. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಅದೇ ವರ್ಷದ ನವೆಂಬರ್‌ನ ಅಧಿಸೂಚನೆಯು ಇಪ್ಪತ್ತು ವರ್ಷ ಮೀರಿದ ಭಾರಿ ವಾಹನದ ಅರ್ಹತಾ ಪರೀಕ್ಷೆಯ ಶುಲ್ಕವನ್ನು 25,000 ರೂ.ಗೆ ಏರಿಸಿತು. ಒಂದು ಕೈಯಲ್ಲಿ ರಿಯಾಯಿತಿಯ ಬೆಲ್ಲ, ಇನ್ನೊಂದು ಕೈಯಲ್ಲಿ ಶುಲ್ಕದ ಬೆತ್ತ! ಬಿಡಿಭಾಗಗಳ ತೆರಿಗೆಯೂ ಶೇ. 18ಕ್ಕೆ ಇಳಿದದ್ದು ಮಾತ್ರ ದುರಸ್ತಿಯ ಪಾಲಿಗೆ ಬಂದ ಸಮಾಧಾನ.

ಇದಕ್ಕೆ ಡೀಸೆಲ್‌ನ ಬಿಸಿಯೂ ಸೇರಿತು. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ 21.17ಕ್ಕೆ ಹೆಚ್ಚಿಸಿತು. ಅದೇ ತಿಂಗಳಲ್ಲಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದ್ದನ್ನು ಓದುಗರು ಮರೆತಿರಲಾರರು.

ಇಂತಹ ಹೊತ್ತಿನಲ್ಲಿ ಹಳೆಯ ಲಾರಿಯನ್ನು ಉಳಿಸಿಕೊಳ್ಳಲು ಹೊರಟವನು ಕೇವಲ ಮೋಹಕ್ಕೆ ಬಿದ್ದವನೆಂದು ತಳ್ಳಿಹಾಕುವುದು ಸರಿಯಲ್ಲ. ನಮ್ಮ ಭಾಗದ ಸಾಗಣೆಯ ಸ್ವರೂಪವನ್ನು ಮೊದಲು ಗಮನಿಸಬೇಕು. ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ಹೂವು ಮತ್ತು ದ್ರಾಕ್ಷಿ, ಶಿಡ್ಲಘಟ್ಟದ ರೇಷ್ಮೆಗೂಡು, ಗೌರಿಬಿದನೂರಿನ ಮೆಕ್ಕೆಜೋಳ, ಎಲ್ಲೆಡೆ ಬೇಕಾಗುವ ಮರಳು, ಜಲ್ಲಿ, ಇಟ್ಟಿಗೆ. ಇವುಗಳಲ್ಲಿ ಬಹುಪಾಲು ಹತ್ತಿರದ ಮಾರುಕಟ್ಟೆಗೋ ನೂರು ಕಿಲೋಮೀಟರಿನೊಳಗಿನ ಬೆಂಗಳೂರಿಗೋ ಸಾಗುವ ಸರಕು. ಸುಗ್ಗಿಯಲ್ಲಿ ಬಿಡುವಿಲ್ಲ, ಉಳಿದ ದಿನಗಳಲ್ಲಿ ಬಾಡಿಗೆಗಾಗಿ ಕಾಯಬೇಕು. ಆದರೆ ಸಾಲದ ಕಂತು ಮಾತ್ರ ಮಳೆ, ಬೆಲೆ ಯಾವುದನ್ನೂ ಕೇಳುವುದಿಲ್ಲ.

ಒಂದು ಅಂದಾಜಿನ ಲೆಕ್ಕ ನೋಡೋಣ. ಹೊಸ ಲಾರಿಗೆ ಬಾಡಿ ಸೇರಿ 25 ಲಕ್ಷ ರೂ. ಎಂದಿಟ್ಟುಕೊಳ್ಳಿ. 5 ಲಕ್ಷ ಕೈಯಿಂದ ಹಾಕಿ, ಉಳಿದ 20 ಲಕ್ಷವನ್ನು ಶೇ. 10.5ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಸಾಲ ತಂದರೆ ತಿಂಗಳ ಕಂತು ಸುಮಾರು 43,000 ರೂ. ಹಳೆಯದರ ಇಂಜಿನ್, ಗೇರ್‌ಬಾಕ್ಸ್, ಬಾಡಿ, ಟೈರುಗಳಿಗೆ 4 ಲಕ್ಷ ಬೇಕು, ಅದನ್ನು ಶೇ. 18ರ ದುಬಾರಿ ಬಡ್ಡಿಯಲ್ಲಿ ಎರಡು ವರ್ಷಕ್ಕೆ ತಂದರೂ ಕಂತು ಸುಮಾರು 20,000 ರೂ. ತಿಂಗಳಿಗೆ 3,000 ಕಿ.ಮೀ. ಓಟ, ಹಳೆಯದು ಲೀಟರಿಗೆ 4.5 ಕಿ.ಮೀ., ಹೊಸದು 5.5 ಕಿ.ಮೀ., ಡೀಸೆಲ್ 91 ರೂ. ಎಂದು ಹಿಡಿದರೆ ಹಳೆಯ ಲಾರಿ ಹೆಚ್ಚು ಕುಡಿಯುವ ಡೀಸೆಲ್ ಸುಮಾರು 11,000 ರೂ. ಮೇಲಿನ ರಿಪೇರಿಗೆ 5,000, ಎಫ್.ಸಿ. ಶುಲ್ಕದ ಬಾಬ್ತು 2,000 ಸೇರಿಸಿದರೂ ಒಟ್ಟು 38,000 ರೂ. ದಾಟುವುದಿಲ್ಲ. ಎರಡು ವರ್ಷದ ನಂತರ ಇದು 18,000 ರೂ.ಗೆ ಇಳಿಯುತ್ತದೆ.

ಆದರೆ ಅದೇ ಲಾರಿ ದೂರದ ಊರುಗಳಿಗೆ ತಿಂಗಳಿಗೆ 8,000 ಕಿ.ಮೀ. ಓಡುವುದಾದರೆ ಚಿತ್ರವೇ ಬದಲಾಗುತ್ತದೆ. ಹೆಚ್ಚುವರಿ ಡೀಸೆಲ್ಲೇ 29,000 ರೂ. ದಾಟುತ್ತದೆ, ರಿಪೇರಿ ಖರ್ಚು ಓಟದ ಪ್ರಮಾಣದಲ್ಲಿಯೇ 13,000ಕ್ಕೆ ಏರುತ್ತದೆ. ಒಟ್ಟು ಹೊರೆ ತಿಂಗಳಿಗೆ 64,000 ರೂ. ಎರಡು ವರ್ಷದ ಸಾಲ ತೀರಿದ ಮೇಲೂ ಅದು ಹೊಸ ಲಾರಿಯ ಕಂತಿಗೆ ಸರಿಸಮ. ಐದು ವರ್ಷದ ಕೊನೆಗೆ ಹೊಸದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇರುತ್ತದೆ, ಹಳೆಯದಕ್ಕೆ ಗುಜರಿ ಬೆಲೆಯಷ್ಟೇ. ಅಂದರೆ ನಿರ್ಧಾರವಾಗಬೇಕಾದುದು ಲಾರಿಯ ವಯಸ್ಸಿನಿಂದಲ್ಲ, ಅದು ಮಾಡುವ ಕೆಲಸದಿಂದ.

ಲೆಕ್ಕದ ಪುಸ್ತಕದ ಆಚೆಗೆ ಕಾನೂನಿನ ತೊಡಕುಗಳೂ ಇವೆ. ಎಂಟು ವರ್ಷ ಮೀರಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್.ಸಿ. ಮಾಡಿಸಲೇಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 88ನೇ ನಿಯಮದ ಪ್ರಕಾರ ಎರಡು ಆಕ್ಸಲ್‌ನ ಸರಕು ವಾಹನ 12 ವರ್ಷ ದಾಟಿದರೆ ನ್ಯಾಷನಲ್ ಪರ್ಮಿಟ್ ಇಲ್ಲ. ಬಹು ಆಕ್ಸಲ್ ವಾಹನಕ್ಕೆ ಈ ಮಿತಿ 15 ವರ್ಷ. ಗೌರಿಬಿದನೂರಿನವರಿಗೆ ಇದು ಸಣ್ಣ ಮಾತಲ್ಲ. ಆಂಧ್ರದ ಹಿಂದೂಪುರ ನಮಗೆ ನೆರೆಯ ಪೇಟೆ. ಹಳೆಯ ಲಾರಿಗೆ ಮಾತ್ರ ಅದು ಪರರಾಜ್ಯ. ಇಂಜಿನ್ ಬದಲಿಸುವುದಿದ್ದರೆ, ನೋಂದಣಿ ಪುಸ್ತಕದಲ್ಲಿರುವ ವಿವರ ಬದಲಾಗುವಂತೆ ಬಾಡಿ ಮಾರ್ಪಡಿಸುವುದಿದ್ದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಡಿ ಆರ್.ಟಿ.ಒ. ಅನುಮತಿ ಬೇಕು. ಇನ್ನು ಥರ್ಡ್ ಪಾರ್ಟಿ ವಿಮೆಯ ಕಂತು ವಾಹನದ ತೂಕವನ್ನು ಅವಲಂಬಿಸಿದೆಯೇ ಹೊರತು ವಯಸ್ಸನ್ನಲ್ಲ. ವಿಮೆಯಲ್ಲಿ ನಮೂದಾಗುವ ವಾಹನದ ಮೌಲ್ಯವಾದರೋ ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ. ದುರಸ್ತಿಗೆ ಸುರಿದ 4 ಲಕ್ಷ ಒಂದು ಅಪಘಾತದಲ್ಲಿ ಹೋದರೆ ಮರಳಿ ಬರುವ ಭರವಸೆ ಕಡಿಮೆ.

ಎಲ್ಲಕ್ಕಿಂತ ಮಿಗಿಲಾದುದು ಜೀವದ ಪ್ರಶ್ನೆ. ಬಣ್ಣ ಬಳಿದ ಮಾತ್ರಕ್ಕೆ ಲಾರಿ ಹೊಸದಾಗದು. ಚಾಸಿಸ್‌ನಲ್ಲಿ ಬಿರುಕು, ತುಕ್ಕು ತಿಂದ ಕ್ರಾಸ್ ಮೆಂಬರ್, ಸವೆದ ಸ್ಟೀರಿಂಗ್ ಕೀಲು, ಸೋರುವ ಏರ್ ಬ್ರೇಕ್ ಇರುವ ವಾಹನಕ್ಕೆ ಇಂಜಿನ್ ಮಾತ್ರ ಬೋರ್ ಮಾಡಿಸಿ ರಸ್ತೆಗಿಳಿಸುವುದು ಚಾಲಕನಿಗೂ ಎದುರು ಬರುವವರಿಗೂ ಅಪಾಯ. ಹೆಚ್ಚಿನ ಮಾಲೀಕರು ಮೊದಲು ಕ್ಯಾಬಿನ್, ಬಾಡಿಗಳ ಅಂದಕ್ಕೆ ಹಣ ಹಾಕಿ ಬ್ರೇಕಿನ ಸರದಿ ಬರುವಾಗ ಕೈ ಬಿಗಿಹಿಡಿಯುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು.

ಹೊಗೆಯ ವಿಷಯದಲ್ಲಿಯೂ ಕಣ್ಣುಮುಚ್ಚಿಕೊಳ್ಳುವಂತಿಲ್ಲ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದಲ್ಲಿ ಭಾರಿ ವಾಹನದ ಇಂಜಿನ್ ಹೊರಬಿಡಬಹುದಾದ ಸೂಕ್ಷ್ಮಕಣಗಳ ಮಿತಿ ಬಿಎಸ್-3ರ ಹತ್ತನೇ ಒಂದು ಪಾಲು. ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಹಳೆಯ ಇಂಜಿನ್ ಆ ಮಟ್ಟ ತಲುಪದು. ಆದರೆ ಹೊಸ ಲಾರಿಯ ಸೆನ್ಸರ್, ಹೊಗೆ ಶುದ್ಧೀಕರಣ ವ್ಯವಸ್ಥೆ, ಅದಕ್ಕೆ ಸುರಿಯಬೇಕಾದ ಯೂರಿಯಾ ದ್ರಾವಣ ಇವೆಲ್ಲವೂ ಊರಿನ ಮೆಕ್ಯಾನಿಕ್‌ನ ಕೈಗೆ ಸುಲಭವಾಗಿ ನಿಲುಕುವುದಿಲ್ಲ. ಕೆಟ್ಟರೆ ಕಂಪನಿಯ ಸರ್ವೀಸ್ ಕೇಂದ್ರವೇ ಗತಿ. ಹಳೆಯ ಲಾರಿಯ ಜೊತೆಯಲ್ಲಿಯೇ ಟಿಂಕರಿಂಗ್, ಲೇತ್, ಬಾಡಿ ಕಟ್ಟುವ ಕೆಲಸಗಳಲ್ಲಿ ತೊಡಗಿದ ಸಣ್ಣಪುಟ್ಟ ಕುಶಲಕರ್ಮಿಗಳ ಅನ್ನವೂ ಪ್ರಶ್ನೆಯಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ವಾಹನವನ್ನು ವಯಸ್ಸು ನೋಡಿ ದಂಡಿಸುವ ಬದಲು ಸ್ಥಿತಿ ನೋಡಿ ಅಳೆಯಬೇಕು. ಬ್ರೇಕು, ಸ್ಟೀರಿಂಗು, ಹೊಗೆ ಪರೀಕ್ಷೆಗಳು ಕಟ್ಟುನಿಟ್ಟಾಗಲಿ. ಲಂಚಕ್ಕೆ ಎಡೆಯಿಲ್ಲದ ಯಂತ್ರಗಳ ಮೂಲಕವೇ ನಡೆಯಲಿ. ಅನುತ್ತೀರ್ಣವಾದುದನ್ನು ನಿರ್ದಾಕ್ಷಿಣ್ಯವಾಗಿ ರಸ್ತೆಯಿಂದ ಇಳಿಸಲಿ. ಉತ್ತೀರ್ಣವಾದ ವಾಹನಕ್ಕೆ ಮಾತ್ರ 25,000 ರೂ. ಶುಲ್ಕದ ಬರೆ ಬೇಡ. ಆ ಹಣ ಒಂದು ಜೊತೆ ಹೊಸ ಬ್ರೇಕಿಗೋ ಟೈರಿಗೋ ಹೋಗುವಂತಾದರೆ ರಸ್ತೆಗೇ ಕ್ಷೇಮ. ಹಾಗೆಯೇ ಬ್ಯಾಂಕುಗಳು ಹೊಸ ವಾಹನಕ್ಕೆ ತೋರುವ ಔದಾರ್ಯದ ಒಂದಂಶವನ್ನು ದುರಸ್ತಿ ಸಾಲಕ್ಕೂ ತೋರಲಿ.

ಮಾಲೀಕನಿಗೂ ಒಂದು ಮಾತು. ಚಾಸಿಸ್ ಗಟ್ಟಿಯಿದೆಯೇ, ಕಾಗದಪತ್ರ ಸರಿಯಿದೆಯೇ, ತಿಂಗಳ ಓಟ ಎಷ್ಟು? ಮೆಕ್ಯಾನಿಕ್‌ಗೆ ಮುಂಗಡ ಕೊಡುವ ಮೊದಲು ಈ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಕಂಡುಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಅಕ್ಕಪಕ್ಕದ ಸಂತೆಗೆ ಸರಕು ಹೊರುವ ಲಾರಿಗೆ ಹಳೆಯ ಹಾಸಿಗೆಯನ್ನು ಹೊಲಿದುಕೊಂಡರೂ ಸಾಕು. ದೇಶ ಸುತ್ತುವ ಲಾರಿಗೆ ಅದು ಸಾಲದು. ಈ ವ್ಯತ್ಯಾಸ ಮಾಲೀಕನಿಗೆ ತಿಳಿದಿದೆ. ನೀತಿ ರೂಪಿಸುವವರಿಗೂ ತಿಳಿಯಬೇಕಾಗಿದೆ.