ಹಾಡು ನಮ್ಮದು, ಜಾಗ ಯಾರದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಲೆದು ನಾವು ಮೂವರು ಗೆಳೆಯರು ಬೀಸುಕಲ್ಲಿನ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆವು. ನೆಕ್ಸ್ಟ್ ಜೆಎಸ್ ಬಳಸಿ ಜಾಲತಾಣ ಕಟ್ಟಿದೆವು. ಪುಟಗಳನ್ನೂ ಧ್ವನಿಯನ್ನೂ ಉಚಿತವಾಗಿ ಜಾಗ ಕೊಡುವ ಒಂದು ಕಂಪನಿಯ ಬಳಿ ಇಟ್ಟೆವು. ಒಂದು ಬಟನ್ ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಶ್ರಾವಣದಲ್ಲಿ ಕೇಳುವವರು ಹೆಚ್ಚಾದರು. ಉಚಿತದ ಮಿತಿ ದಾಟಿತೆಂದು ತಾಣ ನಿಂತೇಹೋಯಿತು. ಮೂಲ ಧ್ವನಿಗಳಲ್ಲಿ ಅರ್ಧ ಆಗಲೇ ಕೆಟ್ಟ ಮೊಬೈಲಿನೊಂದಿಗೆ ಹೋಗಿದ್ದವು.

ಅದೇ ವಾರ ಸಿಂದಗಿ ಕಡೆಯ ಆಯಿಯೊಬ್ಬಳು ಫೋನ್ ಮಾಡಿದಳು. "ತಮ್ಮಾ, ಮಮ್ಮಗಳು ಹಚ್ಚಿದ್ರ ಬರವಲ್ದು. ನನ್ನ ಹಾಡು ಎಲ್ಲಿಟ್ಟೀಯೋ?"

ನನ್ನ ಬಳಿ ಉತ್ತರವಿರಲಿಲ್ಲ. ಬೇರೆಯವರ ಜಗುಲಿಯ ಮೇಲೆ ಗಂಟು ಇಟ್ಟು ಬಂದು, ಅದಕ್ಕೆ 'ಡಿಜಿಟಲ್ ಸಂಗ್ರಹ' ಎಂಬ ದೊಡ್ಡ ಹೆಸರು ಕೊಟ್ಟಿದ್ದೆವು. ನಮ್ಮದು ಸೋಮಾರಿತನ, ಬೇರೇನಲ್ಲ.

"ಸಾಹಿತ್ಯದವರಿಗೆ ಸರ್ವರ್ ಉಸಾಬರಿ ಯಾಕೆ?" ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪ್ರತಿ ಸಲವೂ ಪರರ ಅಚ್ಚುಮನೆಯ ಬಾಗಿಲು ಕಾಯುವುದು ಸಾಕೆಂದು ಆ ವಕೀಲರು ಇದ್ದ ಮನೆ ಮಾರಿ, 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಬಂತು. ತಾಳೆಗರಿ ಹುಡುಕಿದಷ್ಟೇ ಶ್ರದ್ಧೆಯನ್ನು ಅವರು ಮೊಳೆ, ಮಸಿ, ಯಂತ್ರಗಳಿಗೂ ಕೊಟ್ಟರು.

ನಾವು ಮನೆ ಮಾರಬೇಕಿಲ್ಲ. ನೆಕ್ಸ್ಟ್‌ನ ಕಾನ್ಫಿಗ್ ಕಡತದಲ್ಲಿ ಔಟ್‌ಪುಟ್ 'ಸ್ಟ್ಯಾಂಡ್‌ಅಲೋನ್' ಎಂದು ಬರೆದು ಬಿಲ್ಡ್ ಮಾಡಿದರೆ, ತಾಣ ಓಡಲು ಬೇಕಾದಷ್ಟೇ ಕಡತಗಳು ಒಂದು ಫೋಲ್ಡರಿಗೆ ಬಂದು ಕೂರುತ್ತವೆ. ಪಬ್ಲಿಕ್ ಮತ್ತು ಸ್ಟ್ಯಾಟಿಕ್ ಫೋಲ್ಡರುಗಳನ್ನು ಮಾತ್ರ ನಾವೇ ನಕಲು ಮಾಡಬೇಕು. ಇದನ್ನು ಮರೆತು ನಾನು ಒಂದು ರಾತ್ರಿಯೆಲ್ಲ ಅಲಂಕಾರವಿಲ್ಲದ ಬೋಳು ಪುಟ ನೋಡುತ್ತ ಕೂತಿದ್ದೆ. ಬಾಡಿಗೆಯ ಲಿನಕ್ಸ್ ಯಂತ್ರದಲ್ಲಿ ನೋಡ್ 3000ನೇ ಪೋರ್ಟಿನಲ್ಲಿ ತಾಣವನ್ನು ಓಡಿಸುತ್ತದೆ. ಮುಂಬಾಗಿಲಲ್ಲಿ ಎಂಜಿನ್‌ಎಕ್ಸ್ ನಿಂತು ಬಂದವರನ್ನು ಒಳಗೆ ಬಿಡುತ್ತದೆ. ಯಂತ್ರ ನಿಂತು ಮತ್ತೆ ಚಾಲೂ ಆದರೆ ಸಿಸ್ಟಮ್‌ಡಿ ತಾಣವನ್ನು ಎಬ್ಬಿಸುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಭದ್ರತೆಯ ಪ್ರಮಾಣಪತ್ರವನ್ನು ಪುಕ್ಕಟೆ ಕೊಡುತ್ತದೆ. ಛಂದಸ್ಸಿನ ಪ್ರಸ್ತಾರ ಹಾಕಬಲ್ಲ ವಿದ್ಯಾರ್ಥಿಗೆ ಇದು ಕಷ್ಟವೆಂದರೆ ನಾನು ನಂಬುವುದಿಲ್ಲ.

ಬಾಡಿಗೆಯ ಯಂತ್ರವೂ ಪರರದೇ ಅಲ್ಲವೇ? ಹೌದು. ಆದರೆ ಮನೆ ಬಾಡಿಗೆಯದಾದರೂ ಪೆಟ್ಟಿಗೆ ನಮ್ಮದು. ಮಾಲೀಕ ಬಿಡು ಎಂದರೆ ಆ ಫೋಲ್ಡರನ್ನು ಹೊತ್ತು ನೋಡ್ ಇರುವ ಇನ್ನೊಂದು ಯಂತ್ರಕ್ಕೆ ಹೋಗಬಹುದು. ತಿಂಗಳ ಬಾಡಿಗೆ ಕಟ್ಟಬೇಕು, ಭದ್ರತೆಯ ಅಪ್‌ಡೇಟ್ ಹಾಕಬೇಕು, ಯಾರಾದರೊಬ್ಬರು ಎಚ್ಚರ ಇರಬೇಕು. ಅದೂ ನಿಜ. ಹಳಕಟ್ಟಿಯವರ ಅಚ್ಚಿನ ಯಂತ್ರಕ್ಕೂ ಯಾರೋ ಎಣ್ಣೆ ಬಿಡಬೇಕಿತ್ತು. ಹಾಡು ಸಂಗ್ರಹಿಸುವುದು ಸಾಹಿತ್ಯದ ಕೆಲಸ, ಅದನ್ನು ಉಳಿಸುವುದು ಕಂಪ್ಯೂಟರಿನವರ ಕೆಲಸ ಎಂದು ಗೆರೆ ಎಳೆದವರು ನಾವೇ.

ಮುಂದಿನ ತಿಂಗಳು ಆ ಹಳೆಯ ತಾಣ ಮತ್ತೆ ತೆರೆದಾಗ ಎಲ್ಲ ಧ್ವನಿಗಳನ್ನೂ ಇಳಿಸಿಕೊಂಡೆವು. ನಮ್ಮ ಸರ್ವರ್ ಓಡತೊಡಗಿದ ದಿನ ಆಯಿಗೆ ಫೋನ್ ಮಾಡಿದೆ.

"ನಿನ್ನ ಹಾಡು ನಮ್ಮ ಕಡೆನ ಐತಿ ಆಯಿ. ಇನ್ನೊಂದು ಪ್ರತಿ ಇಂಡಿಯೊಳಗ ನಮ್ಮ ಗೆಳೆಯಾನ ಮನ್ಯಾಗ ಐತಿ."

"ಹಂಗಾರ ಇನ್ನೂ ನಾಕು ಹಾಡು ಅದಾವ, ಬಾ," ಎಂದಳು.