ಕೂಲಿಕಾರನ ಮೈಮೇಲೆ ಬ್ಲೀಚು

2020ರ ಮಾರ್ಚ್ 30ರಂದು ಉತ್ತರ ಪ್ರದೇಶದ ಬರೇಲಿಯಲ್ಲಿ, ಕೊರೋನಾ ಲಾಕ್‌ಡೌನಿನಿಂದ ಕೆಲಸ ಕಳೆದುಕೊಂಡು ಮರಳಿದ ಕೂಲಿಕಾರರನ್ನು, ಹೆಂಗಸರು ಮಕ್ಕಳೆನ್ನದೆ, ರಸ್ತೆಯಲ್ಲಿ ಕೂರಿಸಿ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಪೈಪಿನಿಂದ ಸುರಿಯಲಾಯಿತು. ಬಸ್ಸುಗಳನ್ನು ಶುದ್ಧಿ ಮಾಡಿರೆಂದರೆ ಸಿಬ್ಬಂದಿಯವರು ಅತ್ಯುತ್ಸಾಹದಿಂದ ಹೀಗೆ ಮಾಡಿದರೆಂಬುದು ಅಧಿಕಾರಿಗಳ ಸಮಜಾಯಿಷಿ. ವಿಮಾನದಿಂದ ಇಳಿದವರ ಮೇಲೆ ಈ ಉತ್ಸಾಹ ಉಕ್ಕಿದ್ದನ್ನು ನಾವು ಕೇಳಿಲ್ಲ.

ಆ ದ್ರಾವಣ ನೆಲ, ಮೇಜು, ಬಾಗಿಲ ಹಿಡಿಕೆಗಳನ್ನು ಒರೆಸತಕ್ಕದ್ದು. ಮೈಗೆ ತಾಕಿದರೆ ಕಣ್ಣು, ಚರ್ಮ ಉರಿಯುತ್ತವೆ. ಒಳಹೊಕ್ಕ ವೈರಸ್ಸಿಗೆ ಏನೂ ಆಗದು. ಮನುಷ್ಯರ ಮೇಲೆ ಸಿಂಪಡಿಸಕೂಡದೆಂದು ಕೇಂದ್ರ ಆರೋಗ್ಯ ಇಲಾಖೆ ತಿಳಿಸಿದ್ದು ಏಪ್ರಿಲ್ 18ರಂದು. ಅಷ್ಟರಲ್ಲಿ ಹಲವು ನಗರಗಳಲ್ಲಿ ಸಿಂಪಡಣೆಯ ಸುರಂಗಗಳೇ ಎದ್ದಿದ್ದವು!

ಈ ವೈರಸ್ಸಿನ ಹೊರಕವಚ ಕೊಬ್ಬಿನದು; ಸಾಧಾರಣ ಸಾಬೂನು ಅದನ್ನು ಒಡೆಯುತ್ತದೆ. ಕೈ ತಿಕ್ಕಿ ತೊಳೆಯಿರಿ, ಬಟ್ಟೆಯ ಮಾಸ್ಕನ್ನು ನಿತ್ಯವೂ ಒಗೆದು ಬಿಸಿಲಿಗೆ ಹಾಕಿರೆಂದು ಸರ್ಕಾರವೇ ಹೇಳಿತು. ಒಳ್ಳೆಯ ಮಾತು. ಆದರೆ ಇಡೀ ಕೇರಿಗೆ ಒಂದೇ ನಲ್ಲಿ, ಅದೂ ದಿನ ಬಿಟ್ಟು ದಿನ ಬರುವಲ್ಲಿ, ಕುಡಿಯುವ ನೀರಿಗೇ ಕೊಡವಿಟ್ಟು ಕಾದು ನಿಂತ ಹೆಂಗಸು ಯಾವ ನೀರಿನಲ್ಲಿ ಒಗೆಯಬೇಕು? ಸುರಂಗಕ್ಕೆ ಸಿಕ್ಕ ಹಣ ನಲ್ಲಿಗೇಕೆ ಸಿಗಲಿಲ್ಲ? ಮುಂದಿನ ಸೋಂಕು ಬರುವ ಮೊದಲೇ ಕೇರಿಗಳಿಗೆ ನೀರು, ಪೌರಕಾರ್ಮಿಕರಿಗೆ ಸಾಬೂನು, ಕೈಗವಸು ಒದಗಿಸಲು ಪುರಸಭೆಗಳು ಆಯವ್ಯಯದಲ್ಲಿ ಹಣ ತೆಗೆದಿಡಬೇಕೆಂದು ಒತ್ತಾಯಪಡಿಸುತ್ತೇವೆ.