ಹೊಗೆಯಿಲ್ಲದ ವಾಹನಕ್ಕೆ ತಪಾಸಣೆಯೂ ಬೇಡವೇ?

ಪೆಟ್ರೋಲ್ ಸ್ಕೂಟರ್ ಉಳ್ಳವರು ಕಾಲಕಾಲಕ್ಕೆ ಹೊಗೆ ತಪಾಸಣೆ ಮಾಡಿಸಬೇಕು. ಪ್ರಮಾಣಪತ್ರ ಇಲ್ಲದಿದ್ದರೆ ದಂಡ ತೆರಬೇಕು. ವಿದ್ಯುತ್ ಸ್ಕೂಟರಿಗೆ ಹೊಗೆಕೊಳವೆಯೇ ಇಲ್ಲವಾದ್ದರಿಂದ ಈ ಕಟ್ಟಳೆಯಿಂದ ವಿನಾಯಿತಿ ಇದೆ. ಅದು ಸರಿಯೂ ಹೌದು. ಆದರೆ ಆ ವಾಹನದ ಒಡಲಲ್ಲಿರುವ ಲೀಥಿಯಂ ಬ್ಯಾಟರಿಯನ್ನು ಮಾರಾಟದ ನಂತರ ಯಾರಾದರೂ ಪರೀಕ್ಷಿಸಲೇಬೇಕೆಂಬ ನಿಯಮವಿಲ್ಲ. ಖಾಸಗಿ ವಾಹನದ ಮೊದಲ ನೋಂದಣಿಯ ಅವಧಿ 15 ವರ್ಷ. ಅಂದರೆ 15 ಬೇಸಿಗೆ, 15 ಮಳೆಗಾಲ.

2022ರ ಮಾರ್ಚ್ ತಿಂಗಳು ದೇಶದ ಹವಾಮಾನ ದಾಖಲೆಯಲ್ಲೇ ಅತಿ ಹೆಚ್ಚು ಬಿಸಿಯಾದ ಮಾರ್ಚ್ ಆಗಿತ್ತು. ಅದೇ ತಿಂಗಳ ಕೊನೆಯಲ್ಲಿ ಪುಣೆಯಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಸ್ಕೂಟರ್ ತಾನಾಗಿಯೇ ಹೊತ್ತಿ ಉರಿಯಿತು. ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ವಾಹನಕ್ಕೆ ಬೆಂಕಿ ಬಿದ್ದು ತಂದೆ ಮತ್ತು ಮಗಳು ಸತ್ತರು. ಏಪ್ರಿಲ್‌ನಲ್ಲಿ ನಿಜಾಮಾಬಾದ್‌ನ ಮನೆಯೊಂದರಲ್ಲಿ ಚಾರ್ಜಿಗೆ ಇಟ್ಟಿದ್ದ ಬ್ಯಾಟರಿ ಸಿಡಿದು 80 ವರ್ಷದ ವೃದ್ಧರು ಬಲಿಯಾದರು. ಬೇಸಿಗೆಯ ತಾಪ ಏರಿದಾಗ ಬ್ಯಾಟರಿಗಳಲ್ಲಿ ತೊಂದರೆ ಕಾಣಿಸಿಕೊಳ್ಳುತ್ತದೆ ಎಂಬರ್ಥದ ಮಾತನ್ನು ಆಗ ಕೇಂದ್ರ ಸಾರಿಗೆ ಸಚಿವರು ಆಡಿದ್ದರು.

ಈ ಮಾತು ಅರ್ಧ ಸತ್ಯ. 45 ಡಿಗ್ರಿ ಬಿಸಿಲು ಒಂದೇ ಬ್ಯಾಟರಿಗೆ ಕಿಚ್ಚಿಡಲಾರದು. ಸೆಲ್‌ನೊಳಗಿನ ರಕ್ಷಣಾ ಪದರ ಕರಗತೊಡಗುವುದು ಅದರ ದುಪ್ಪಟ್ಟು ಉಷ್ಣಾಂಶದಲ್ಲಿ. ಆದರೆ ತಾಪವು ಸೆಲ್‌ಗೆ ಬೇಗ ಮುಪ್ಪು ತರುತ್ತದೆ; ಅಪಾಯದ ಗಡಿಗೂ ಬ್ಯಾಟರಿಗೂ ಇರುವ ಅಂತರವನ್ನು ದಿನೇ ದಿನೇ ಕಿರಿದಾಗಿಸುತ್ತದೆ. ಆಗ ಕಳಪೆ ಸೆಲ್, ಸಡಿಲ ಬೆಸುಗೆ, ಕೈಕೊಟ್ಟ ನಿಯಂತ್ರಣ ವ್ಯವಸ್ಥೆ ಅಥವಾ ಹೊಂದಿಕೆಯಾಗದ ಅಗ್ಗದ ಚಾರ್ಜರ್, ಯಾವುದಾದರೊಂದು ಇದ್ದರೂ ಸಾಕು. ಒಂದು ಸೆಲ್ ಕಾದರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಮತ್ತೊಂದನ್ನು. ಕಾರುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯನ್ನು ತಂಪಾಗಿಡುವ ದ್ರವದ ಏರ್ಪಾಡು ಇರುತ್ತದೆ. ಸ್ಕೂಟರ್‌ಗಳಿಗೆ ಬೀಸುವ ಗಾಳಿಯೇ ಗತಿ. ಕಲಬುರಗಿ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ಆ ಗಾಳಿ ಎಷ್ಟು ತಂಪೆಂಬುದನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಬಿಸಿಲನ್ನು ದೂರಿ ತಯಾರಕರನ್ನು ಬಿಟ್ಟುಬಿಡುವುದು ಸಲ್ಲದು. ಬಿಸಿಲು ಈ ದೇಶಕ್ಕೆ ಹೊಸತೇನಲ್ಲ.

ಈ ದುರಂತಗಳ ನಂತರ ಕೇಂದ್ರ ಸರ್ಕಾರ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿತು. 2022ರ ಡಿಸೆಂಬರ್ 1 ಹಾಗೂ 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದ ಈ ನಿಯಮಗಳು ಸೆಲ್‌ಗಳ ನಡುವೆ ಅಂತರ, ತಾಪಸಂವೇದಕಗಳು, ಬೆಂಕಿ ಹರಡದಂತೆ ತಡೆಯುವ ಪರೀಕ್ಷೆ, ನೀರು ನುಗ್ಗದಂತೆ ರಕ್ಷಣೆ ಇವನ್ನೆಲ್ಲ ಕಡ್ಡಾಯ ಮಾಡಿದವು. ಇದು ಸ್ವಾಗತಾರ್ಹ ಕ್ರಮವಾಗಿತ್ತು. ಆದರೆ ಪರೀಕ್ಷೆಗೆ ಒಳಗಾಗುವುದು ಹೊಸ ಬ್ಯಾಟರಿ. ನಾಲ್ಕು ಬೇಸಿಗೆ ಕಂಡ, ರಸ್ತೆಗುಂಡಿಗಳಲ್ಲಿ ಕುಲುಕಾಡಿದ, ಬೀದಿ ಬದಿಯ ಅಂಗಡಿಯಲ್ಲಿ ಬಿಚ್ಚಿ ಮುಚ್ಚಿದ ಬ್ಯಾಟರಿಯ ಸ್ಥಿತಿಯನ್ನು ಪ್ರಯೋಗಾಲಯದ ಪ್ರಮಾಣಪತ್ರ ಹೇಳಲಾರದು. ಹಳೆಯ ನಿಯಮದಡಿ ಮಾರಾಟವಾದ ವಾಹನಗಳಂತೂ ಹಾಗೆಯೇ ಓಡಾಡುತ್ತಿವೆ.

ಮಳೆಯದು ಮತ್ತೊಂದು ಕಥೆ. ನೀರು ತಡೆಯುವ ಪರೀಕ್ಷೆ ಎಂದರೆ ಸಾಮಾನ್ಯವಾಗಿ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ ಭಾಗದ ನೆಲಮಾಳಿಗೆಗಳಲ್ಲಿ ನಿಂತದ್ದು ಅಷ್ಟು ಶುದ್ಧ ನೀರೂ ಅಲ್ಲ, ಅಷ್ಟು ಅಲ್ಪ ಹೊತ್ತೂ ಅಲ್ಲ. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಅಪ್ಪಳಿಸಿದ ಇಯಾನ್ ಚಂಡಮಾರುತದ ನಂತರ, ಸಮುದ್ರದ ನೀರಿನಲ್ಲಿ ಮುಳುಗಿದ್ದ ವಿದ್ಯುತ್ ಕಾರುಗಳಲ್ಲಿ ಕೆಲವು ನೀರಿಳಿದು ದಿನಗಳು ಕಳೆದ ಮೇಲೆ ಹೊತ್ತಿಕೊಂಡವು. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ವಾಹಕ. ಅದು ಬಿಟ್ಟುಹೋಗುವ ಉಪ್ಪು, ತುಕ್ಕು ನಿಧಾನವಾಗಿ ಕೆಡುಕು ಮಾಡುತ್ತವೆ. ಮುಳುಗಿದ ವಾಹನವನ್ನು ಕಟ್ಟಡಗಳಿಂದ ಕನಿಷ್ಠ 50 ಅಡಿ ದೂರ ನಿಲ್ಲಿಸಿ ಎಂದು ಅಲ್ಲಿನ ಸುರಕ್ಷತಾ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ನೀರಿಳಿದ ಕೂಡಲೇ ಮಾಲೀಕರು ಮಾಡುವ ಮೊದಲ ಕೆಲಸ ಚಾರ್ಜರ್ ಸಿಕ್ಕಿಸಿ ನೋಡುವುದು, ಅದೂ ನೂರು ಮನೆಗಳ ಕೆಳಗಿನ ನೆಲಮಾಳಿಗೆಯಲ್ಲಿ.

ಪೆಟ್ರೋಲ್ ವಾಹನಗಳು ಉರಿಯುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸ್ವೀಡನ್ನಿನ ಸರ್ಕಾರಿ ಲೆಕ್ಕಾಚಾರದಲ್ಲಿ ವಿದ್ಯುತ್ ಕಾರುಗಳಿಗೆ ಬೆಂಕಿ ಬೀಳುವ ಪ್ರಮಾಣ ಬಹಳ ಕಡಿಮೆ. ಆದರೆ ಅದು ತಂಪು ದೇಶದ ಕಾರುಗಳ ಲೆಕ್ಕ, ನಮ್ಮ ಸ್ಕೂಟರ್‌ಗಳದ್ದಲ್ಲ. ಮೇಲಾಗಿ ಪೆಟ್ರೋಲ್ ಟ್ಯಾಂಕನ್ನು ಯಾರೂ ಬಿಚ್ಚಿ ತಂದು ಮಲಗುವ ಕೋಣೆಯ ಬಾಗಿಲಲ್ಲಿ ಇಡುವುದಿಲ್ಲ.

ವಿದ್ಯುತ್ ವಾಹನಗಳಿಗಾಗಿಯೇ ಪ್ರತ್ಯೇಕ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ಕರ್ನಾಟಕ. ಹೂಡಿಕೆ, ರಿಯಾಯಿತಿಗಳ ಬಗ್ಗೆ ತೋರಿದ ಉತ್ಸಾಹವನ್ನು ಸುರಕ್ಷತೆಯಲ್ಲೂ ತೋರಲಿ. ಇಂದಿನ ಬಹುತೇಕ ಬ್ಯಾಟರಿಗಳ ನಿಯಂತ್ರಣ ವ್ಯವಸ್ಥೆ ತಾಪ, ವೋಲ್ಟೇಜ್‌ಗಳ ಮೇಲೆ ಸದಾ ಕಣ್ಣಿಟ್ಟಿರುತ್ತದೆ. ಆ ಮಾಹಿತಿ ಕಂಪನಿಯ ಕೈಯಲ್ಲಿದೆಯೇ ಹೊರತು ಮಾಲೀಕನ ಕೈಯಲ್ಲಿಲ್ಲ. ಅದನ್ನು ಯಾವುದೇ ಅಧಿಕೃತ ಕೇಂದ್ರದಲ್ಲಿ ಓದಿ ವರ್ಷಕ್ಕೊಮ್ಮೆ ವರದಿ ನೀಡುವ ಏರ್ಪಾಡಿಗಾಗಿ ರಾಜ್ಯವು ಕೇಂದ್ರವನ್ನು ಒತ್ತಾಯಿಸಬೇಕು. ಬಿಸಿಲಿನಲ್ಲಿ ದಿನವಿಡೀ ಓಡುವ, ಊಟ ಮತ್ತು ದಿನಸಿ ತಲುಪಿಸುವ ಹುಡುಗರ ಬಾಡಿಗೆ ಸ್ಕೂಟರ್‌ಗಳಿಂದಲೇ ಇದು ಆರಂಭವಾಗಲಿ. ನೆಲಮಾಳಿಗೆಯ ಚಾರ್ಜಿಂಗ್ ತಾಣಗಳಿಗೆ ಅಗ್ನಿಶಾಮಕ ಇಲಾಖೆಯ ಪರಿಶೀಲನೆ, ನೆರೆಯಲ್ಲಿ ಮುಳುಗಿದ ವಾಹನಗಳನ್ನು ತೆರೆದ ಬಯಲಿಗೆ ಸಾಗಿಸುವ ವ್ಯವಸ್ಥೆ ಇವೆರಡೂ ರಾಜ್ಯದ ಕೈಯಲ್ಲೇ ಇವೆ. ಮುಂದಿನ ಮುಂಗಾರಿಗೆ ಮುನ್ನ ಆಗಬಹುದಾದ ಕೆಲಸಗಳೂ ಹೌದು.